ಝೆಂಕಿಯಾ, ಕೋಕಿಯಾ?

ಬಾಯಿ ಸುಮ್ಮನಿರದವನನ್ನು ಅವಮಾನ ಹುಡುಕಿಕೊಂಡು ಬರುತ್ತದೆ. ನನ್ನ ವಿಳಾಸವಂತೂ ಅದಕ್ಕೆ ಬಾಯಿಪಾಠವಾಗಿತ್ತು. ಅಬುಧಾಬಿಯ ಮುಸಫ್ಫಾದಲ್ಲಿ ಜಪಾನಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ನಾನಿದ್ದೆ. ಒಂದು ಮಾಡೆಲ್ ಮೊದಲು ಬಂದ ರೂಪದಲ್ಲೇ ಇದ್ದರೆ ‘ಝೆಂಕಿ’. ಆಮೇಲೆ ಕಂಪನಿಯೇ ಲೈಟು, ಬಂಪರು ತಿದ್ದಿ ಬಿಟ್ಟದ್ದು ‘ಕೋಕಿ’. ಇಂಟರ್ನೆಟ್ಟಿನ ಗಾಡಿ ಹುಚ್ಚರಿಂದ ಈ ಎರಡು ಜಪಾನಿ ಪದ ಕಲಿತದ್ದೇ ತಡ, ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಅದೇ ಹೊತ್ತಿಗೆ ಮನೆಯವರು ನನಗೆ ಹೆಣ್ಣು ಹುಡುಕುತ್ತಿದ್ದರು. ‘ಹುಡುಗ ಗಂಭೀರ’ ಎಂಬ ಹೆಸರು ಉಳಿಸಿಕೊಂಡಿದ್ದರೆ ಸಾಕಿತ್ತು.

ಯಾರ ತಪ್ಪು

ಇಲ್ಲೇ ಕೆಲಸದಲ್ಲಿದ್ದ ಮೈಸೂರಿನ ಎಂಜಿನಿಯರ್ ಒಬ್ಬರು ಹೆಡ್‌ಲೈಟ್ ಬೇಕೆಂದು ಫೋನ್ ಮಾಡಿದರು.

"ಝೆಂಕಿಯಾ, ಕೋಕಿಯಾ ಸಾರ್?"

"ಬಿಳಿ ಕಣ್ರೀ."

ನಕ್ಕು, ಉದ್ದದ ಪಾಠ ಮಾಡಿ, ಗಾಡಿಯ ಇಸವಿ ಕೇಳಿ, "ಕೋಕಿ, ಸಂಶಯವೇ ಇಲ್ಲ" ಎಂದು ಲೈಟು ಕಳಿಸಿದೆ. ಸಂಜೆ ಅವರೇ ಗಾಡಿ ಸಮೇತ ಬಂದರು. "ಕೂರ್ತಾನೇ ಇಲ್ಲಾರೀ!" ನೋಡಿದರೆ ಗಾಡಿ ಅಪ್ಪಟ ಝೆಂಕಿ. ಪಕ್ಕದಲ್ಲೇ ಅಂಗಡಿಯ ಧಣಿ ಕೂತಿದ್ದರು. ತಪ್ಪಾಯಿತು ಅನ್ನುವ ಬದಲು, "ಲೈಟು ಸರಿ ಇದೆ ಸಾರ್, ಗಾಡಿಯೇ ಸ್ವಲ್ಪ ಬೇಗ ಹುಟ್ಟಿದೆ" ಎಂದುಬಿಟ್ಟೆ.

ಎಲೆಕ್ಟ್ರಾ ಸ್ಟ್ರೀಟಿನ ಕಂಬ

ಆಮೇಲೆ ಕಂಡಕಂಡ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಟೇಲ್ ಲೈಟ್ ನೋಡುವ ಚಟ ಹಿಡಿಯಿತು. ಎಲೆಕ್ಟ್ರಾ ಸ್ಟ್ರೀಟಿನ ಪಾರ್ಕಿಂಗಿನಲ್ಲಿ ಹಾಗೆ ಕೂತಿದ್ದಾಗ ಗಾಡಿಯ ಮಾಲೀಕರು ಬಂದು, "ಕ್ಯಾ ಹುವಾ ಭಾಯ್?" ಎಂದರು. ಕಳ್ಳನೆಂದುಕೊಂಡಾರು ಎಂದು ಹೆದರಿ, ಜಾಗ ಇಕ್ಕಟ್ಟಿದೆ, ರಿವರ್ಸಿಗೆ ಸಹಾಯ ಮಾಡೋಣ ಅಂತ ನಿಂತೆ ಎಂದೆ. ಪಾಪ, ನಂಬಿದರು. "ಆವೋ, ಆವೋ" ಎಂದು ಕೈ ಬೀಸಿದೆ. ಕಣ್ಣು ಮಾತ್ರ ಟೇಲ್ ಲೈಟಿನ ಮೇಲೇ. ಕಂಬ ನೋಡಿದವರು ಯಾರು? ಢಬ್!

ತಲೆ ಎತ್ತಲಾಗಲಿಲ್ಲ. ಅವರು ಟೇಲ್ ಲೈಟಿನ ಚೂರುಗಳನ್ನು ಹೆಕ್ಕುತ್ತ, ಇನ್ನು ಇಂಥದ್ದು ಎಲ್ಲಿ ಹುಡುಕಲಿ ಎಂದು ಗೊಣಗಿದರು. ನಾನು ಮೆಲ್ಲಗೆ ನಮ್ಮ ಅಂಗಡಿಯ ಕಾರ್ಡು ಕೊಟ್ಟೆ.

ಹೆಣ್ಣು ನೋಡಲು ಹೋದದ್ದು

ಇದು ಕೈತಪ್ಪಿದ ಸಂಬಂಧದ ಕಥೆ. ಹೇಳಲು ಈಗಲೂ ನಾಚಿಕೆ.

ದುಬೈಯಲ್ಲಿ ಉಡುಪಿ ಕಡೆಯವರ ಮನೆ. ಹುಡುಗಿ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿದಳು. ಬಾಯಿ ಬಿಡಬಾರದೆಂದು ಅದರ ತುಂಬ ಗೋಳಿಬಜೆ ತುಂಬಿಕೊಂಡು ಕೂತೆ. ಎಲ್ಲ ಚೆನ್ನಾಗಿಯೇ ನಡೆದು, ಬೀಳ್ಕೊಡಲು ಮನೆಯವರೆಲ್ಲ ಪಾರ್ಕಿಂಗಿನವರೆಗೆ ಬಂದರು.

"ನಮ್ಮ ಗಾಡಿ ನೋಡಿ ಮಾರಾಯ್ರೆ, ಹೊಸತರ ಹಾಗೆ ಇಟ್ಟಿದ್ದೇನೆ," ಎಂದರು ಹುಡುಗಿಯ ತಂದೆ.

ಬಜೆ ಖಾಲಿಯಾಗಿತ್ತು. "ಹಿಂದೆ ಝೆಂಕಿ, ಮುಂದೆ ಕೋಕಿ," ಎಂದೆ. ಸಾಲದ್ದಕ್ಕೆ ಬಿಡಿಸಿಯೂ ಹೇಳಿದೆ: "ಹಿಂದಿನದು ಹಳೇ ರೂಪ, ಮುಂದಿನದು ಹೊಸಾ ರೂಪ. ಜೋರಾಗಿ ಗುದ್ದಿದ ಗಾಡಿಗೆ ಹೀಗೆ ಬೇರೆ ಮುಖ ಕೂರಿಸ್ತಾರೆ."

ಹುಡುಗಿಯ ತಾಯಿ ಗಂಡನ ಕಡೆ ತಿರುಗಿದರು. "ಗುದ್ದಿದ್ದಾ? ನಾನು ಊರಿಗೆ ಹೋಗಿದ್ದಾಗ ಪಾಲಿಶ್ ಮಾಡಿಸಿದ್ದು ಅಂದಿರಲ್ಲ?"

ತಂದೆ ಚಪ್ಪಲಿ ನೋಡಿಕೊಂಡರು.

"ಅಪ್ಪ ಅಲ್ಲಮ್ಮ, ಗುದ್ದಿದ್ದು ನಾನು," ಎಂದಳು ಹುಡುಗಿ.

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಹುಡುಗಿ ನನ್ನನ್ನೇ ನೋಡಿದಳು. ಮೊಬೈಲಿನಲ್ಲಿ ನಾನು ಕಳಿಸಿದ್ದ ಫೋಟೋ ತೆರೆದಳು. ಅದರಲ್ಲಿ ತಲೆ ತುಂಬ ಗುಂಗುರು ಕೂದಲು. ಅದನ್ನು ನನ್ನ ಬೋಳು ತಲೆಯ ಪಕ್ಕ ಹಿಡಿದು ಕೇಳಿದಳು:

"ಫೋಟೋದಲ್ಲಿ ಇರುವುದು ಝೆಂಕಿ, ಎದುರಿಗೆ ನಿಂತದ್ದು ಕೋಕಿ. ನೀವು ಎಲ್ಲಿ ಗುದ್ದಿದ್ದು?"