ಖಾಲಿ ಹೊಟ್ಟೆಯ ನಿಯಮ

ಜನರ ಹೊಟ್ಟೆಯ ಪಕ್ಕ ನಿಂತು ಕೆಲಸ ಮಾಡುವವರಿಗೆ ವಾರಕ್ಕೊಂದಾದರೂ ನಗೆ ಬರಿಸುವ ಪ್ರಸಂಗ ಎದುರಾಗುತ್ತದೆ. ಆಗ ನಗುವ ಹಾಗಿಲ್ಲ, ಮಲಗಿದವರು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಹಾಗಾಗಿ ನಾನು ಬರೆದಿಟ್ಟುಕೊಂಡು ಮನೆಗೆ ಹೋಗಿ ನಗುತ್ತೇನೆ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದೆ. ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಮುಗಿಸಿ, ಒಂದು ಲ್ಯಾಬಿನಲ್ಲಿ ಎರಡು ವರ್ಷ ಸ್ಲೈಡುಗಳಿಗೆ ಲೇಬಲ್ ಅಂಟಿಸಿದೆ. ಸಾಕೆನಿಸಿ ಅದೇ ಊರಿನ ಗ್ಲೆನ್ ವೇವರ್ಲಿ ಬಡಾವಣೆಯ ಒಂದು ಸಣ್ಣ ಕ್ಲಿನಿಕ್ ಸೇರಿದೆ. ಅಲ್ಲಿ ಮಾಡುವುದು ಆಂಪುಕು. ಹೊಟ್ಟೆಯನ್ನು ಬರಿಗೈಯಿಂದ ಒತ್ತಿ, ನೀವಿ ಸಡಿಲಿಸುವ ಹಳೆಯ ಜಪಾನೀ ಪದ್ಧತಿ ಅದು. ಮಾಡುವವರು ಅರವತ್ತೈದು ದಾಟಿದ ಒಬ್ಬ ಜಪಾನೀ ಮೇಡಂ. ಕೌಂಟರ್‌ನಲ್ಲಿ ಕೂರುವವರು ಅವರ ಯಜಮಾನರು. ಯಜಮಾನರಿಗೆ ಶುಗರ್ ಇದೆ, ಸಿಹಿ ಮುಟ್ಟಬಾರದು ಎಂದು ಮೇಡಂ ಕಟ್ಟಪ್ಪಣೆ. ಇಬ್ಬರೂ ನನ್ನ ಜೊತೆ ಆಡುವುದು ಇಂಗ್ಲಿಷ್. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಮೊದಲ ದಿನವೇ ಮೇಡಂ ಹೇಳಿದರು: "ಮೂರು ತಿಂಗಳು ಬರೀ ನೋಡು. ಮುಟ್ಟಬೇಡ. ಕೊನೆಗೆ ನನ್ನ ಹೊಟ್ಟೆಯ ಮೇಲೆ ಪರೀಕ್ಷೆ. ಪಾಸಾದರೆ ರೋಗಿಗಳನ್ನು ಕೊಡುತ್ತೇನೆ. ಫೇಲಾದರೆ ನಿನ್ನ ಲ್ಯಾಬಿಗೆ ವಾಪಸ್ ಹೋಗು."

ಲ್ಯಾಬಿನಲ್ಲಿ ನನ್ನ ಕುರ್ಚಿಗೆ ಆಗಲೇ ಬೇರೆಯವರು ಬಂದಿದ್ದರು. ಅದನ್ನು ಮೇಡಂಗೆ ಹೇಳಲಿಲ್ಲ.

ಊಟ ಆಯ್ತಾ

ಕ್ಲಿನಿಕ್‌ನ ಮೊದಲ ನಿಯಮ ಖಾಲಿ ಹೊಟ್ಟೆ. ಬರುವ ಎರಡು ಗಂಟೆ ಮೊದಲಿನಿಂದ ಏನೂ ತಿಂದಿರಬಾರದು. ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ನನ್ನ ಕೆಲಸ. ಕನ್ನಡದ ರೋಗಿಗಳು ಬಂದರೆ ನನಗೆ ಹುರುಪು.

ಒಂದು ದಿನ ಬೆಂಗಳೂರಿನ ಅಂಕಲ್ ಒಬ್ಬರಿಗೆ ಫೋನ್ ಮಾಡಿ, "ಅಂಕಲ್, ಊಟ ಆಯ್ತಾ?" ಎಂದೆ.

"ಆಯ್ತಮ್ಮ. ನಿಂದು?"

ನಿಯಮ ಎಂದರೆ ನಿಯಮ. ಅವರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ಮರುದಿನ ಇನ್ನೊಬ್ಬ ಆಂಟಿ. "ಊಟ ಆಯ್ತಾ ಆಂಟಿ?" "ಆಯ್ತು ಪುಟ್ಟಾ." ಅವರದೂ ಕ್ಯಾನ್ಸಲ್. ವಾರದಲ್ಲಿ ನಾಲ್ಕು ಕನ್ನಡಿಗರನ್ನು ಹೀಗೆ ಹಿಂದಕ್ಕೆ ಕಳಿಸಿದೆ. ನಮ್ಮವರಿಗೆ ನಿಯಮದ ಮೇಲೆ ಗೌರವವೇ ಇಲ್ಲ ಎಂದು ಮೇಡಂಗೆ ವರದಿಯನ್ನೂ ಕೊಟ್ಟೆ.

ವಾರದ ಕೊನೆಗೆ ಆ ಅಂಕಲ್ ಕ್ಲಿನಿಕ್‌ಗೇ ಬಂದರು. "ಏನಮ್ಮ, ಅವತ್ತು ಏಕಾದಶಿ ಅಂತ ಬೆಳಿಗ್ಗೆಯಿಂದ ನೀರೂ ಮುಟ್ಟಿರಲಿಲ್ಲ. ಕ್ಯಾನ್ಸಲ್ ಮಾಡಿದೆಯಲ್ಲ?"

"ನೀವೇ ಆಯ್ತು ಅಂದ್ರಿ, ಅಂಕಲ್."

"ಊಟ ಆಯ್ತಾ ಅಂತ ಕೇಳಿದವರಿಗೆ ಯಾರಾದ್ರೂ ಇಲ್ಲ ಅಂತಾರಾ? ಆಮೇಲೆ ನೀನು ಬಡಿಸಬೇಕಾಗುತ್ತಲ್ಲ."

ಅಂದೇ ಪ್ರಶ್ನೆ ಬದಲಿಸಿದೆ. ಮುಂದಿನ ಫೋನಿನಲ್ಲಿ, "ಆಂಟಿ, ಹೊಟ್ಟೆ ಖಾಲಿ ಇದೆಯಾ?" ಎಂದೆ.

ಆಂಟಿ, "ಯಾಕಮ್ಮ, ಏನಾದ್ರೂ ಕಳಿಸ್ತೀಯಾ?" ಎಂದರು.

ಒಳಗೆ ಎಳೆದುಕೊಂಡ ಹೊಟ್ಟೆ

ತಿಂಗಳಿಗೊಮ್ಮೆ ಸಿಡ್ನಿಗೆ ಹೋಗುತ್ತೇವೆ. ಮಡಚುವ ಮೇಜನ್ನು ಹೊರುವವಳು ನಾನು. ಒಮ್ಮೆ ಮ್ಯಾಕ್ವೆರಿ ಪಾರ್ಕ್‌ನ ಒಂದು ಆಫೀಸಿನಲ್ಲಿ ನೌಕರರಿಗೆ ತಲಾ ಹದಿನೈದು ನಿಮಿಷ ಎಂದು ಮೀಟಿಂಗ್ ರೂಮ್ ಬಿಟ್ಟುಕೊಟ್ಟಿದ್ದರು.

ಮೈಸೂರು ಕಡೆಯ ಟೀಮ್ ಲೀಡ್ ಒಬ್ಬ ಬಂದು ಮಲಗಿದ. ಮಲಗಿದವನು ಹೊಟ್ಟೆಯನ್ನು ಬೆನ್ನಿಗೆ ಅಂಟುವಷ್ಟು ಒಳಗೆ ಎಳೆದುಕೊಂಡ. ಗಾಜಿನ ಗೋಡೆಯಾಚೆ ಅವನ ಟೀಮಿನವರು ಕಾಫಿ ಹಿಡಿದು ನಿಂತಿದ್ದರು.

ಮೇಡಂ ಕೈಯಿಟ್ಟು, "ಸಡಿಲ ಬಿಡಿ" ಎಂದರು.

"ಬಿಟ್ಟಿದ್ದೇನೆ."

"ಇನ್ನೂ."

"ನಂದು ಇರೋದೇ ಇಷ್ಟು ಮೇಡಂ, ಜಿಮ್‌ಗೆ ಹೋಗ್ತೀನಿ."

ಮೇಡಂ ವಾದ ಮಾಡುವವರಲ್ಲ. ಕೈ ಅಲ್ಲೇ ಇಟ್ಟು, ಕಣ್ಣು ಮುಚ್ಚಿ ಕಾದರು. ನಾನು ಗಡಿಯಾರ ನೋಡುತ್ತಿದ್ದೆ. ಎರಡನೇ ನಿಮಿಷಕ್ಕೆ ಅವನ ಕಿವಿ ಕೆಂಪಾಯಿತು. ಮೂರಕ್ಕೆ ಹಣೆ ಬೆವರಿತು. ಆಗ ಅವನ ಫೋನ್ ರಿಂಗಾಯಿತು. ಅಪ್ಪಿತಪ್ಪಿ ಉಸಿರು ಬಿಟ್ಟ. ಹೊಟ್ಟೆ ಮೇಲೆದ್ದು ಬಂತು, ಮೇಡಂ ಕೈಯನ್ನೂ ಎತ್ತಿಕೊಂಡೇ ಬಂತು.

ಮೇಡಂ ಕಣ್ಣು ತೆರೆದು, ಹೊಟ್ಟೆಗೆ ತಲೆಬಾಗಿ ಹೇಳಿದರು: "ಬನ್ನಿ. ನಿಮಗೇ ಕಾಯುತ್ತಿದ್ದೆ."

ಗಿರಾವೀನ್‌ನ ಅಜ್ಜಿ

ಅದೇ ಸಲ, ಭಾನುವಾರ, ಸಿಡ್ನಿಯ ಗಿರಾವೀನ್‌ನ ಒಂದು ಮನೆಗೆ ಕರೆದಿದ್ದರು. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದ ಅಜ್ಜಿ. ಮೇಡಂ ಒತ್ತುತ್ತಿದ್ದರೆ ಅಜ್ಜಿ ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದರು.

"ನನ್ನ ಹೊಕ್ಕಳಾ ಸರದೈತಿ. ಊರಾಗ ಇದ್ದಿದ್ರ ನಾನ ಜಾಗಾಕ್ಕ ಕೂಡಿಸ್ಕೊಂತಿದ್ದೆ. ಈಕಿ ಏನ್ ಮಾಡಾಕತ್ತಾಳ?"

"ಹೊಟ್ಟಿ ಏನ್ ಹೇಳತೈತಿ ಅಂತ ಕೇಳಾಕತ್ತಾರ್ರೀ ಅಜ್ಜಿ."

"ನನ್ನ ಕೇಳಂದ್ರ ನಾನ ಹೇಳತಿದ್ದೆ. ಹೊಟ್ಟಿಗೇನ ಗೊತ್ತು?"

ಮುಗಿದ ಮೇಲೆ ಅಜ್ಜಿ ಎದ್ದು ಕೂತರು. "ಈಗ ಆಕೀನ್ನ ಮಲಗಸು. ನನ್ನ ಕೈನೂ ನೋಡ್ಲಿ."

"ಅವ್ವಾ, ಸುಮ್ಮನಿರ," ಎಂದರು ಮಗಳು. ನಾನು ನಾಚಿಕೊಂಡೇ ಅನುವಾದಿಸಿದೆ. ಮೇಡಂ ಮರುಮಾತಿಲ್ಲದೆ ಮಲಗಿಬಿಟ್ಟರು.

ಅಜ್ಜಿ ಮೂರು ಬೆರಳು ಹೊಕ್ಕಳ ಮೇಲಿಟ್ಟು, ಮಿಡಿತ ಹುಡುಕಿದರು. ನಮ್ಮ ಮೇಡಂ ಹುಡುಕುವ ಜಾಗವೇ. ಆಮೇಲೆ ತೀರ್ಪು ಕೊಟ್ಟರು: "ಹೊಕ್ಕಳಾ ಜಾಗಾದಾಗ ಐತಿ. ಆದ್ರ ಹೊಟ್ಟ್ಯಾಗ ಏನೂ ಇಲ್ಲ. ಮುಂಜಾನಿಂದ ಏನೂ ತಿಂದಿಲ್ಲ ಈಕಿ."

ಮೇಡಂ ಬೆರಗಾದರು. ಕೆಲಸದ ದಿನ ಅವರೂ ಖಾಲಿ ಹೊಟ್ಟೆಯಲ್ಲೇ ಇರುತ್ತಾರೆ, ಮುಟ್ಟುವ ಕೈಗೆ ಅದು ಒಳ್ಳೆಯದು ಎಂದು ನಂಬಿಕೆ. ನಲವತ್ತು ವರ್ಷದಿಂದ ಹಾಗೆಯೇ. "ಇವರು ಯಾರ ಹತ್ತಿರ ಕಲಿತರು ಕೇಳು," ಎಂದರು.

"ಕಲಿಯೂದೇನೈತಿ?" ಎಂದರು ಅಜ್ಜಿ. "ಆರು ಮಕ್ಕಳನ್ನ ಹಡದೀನಿ. ಯಾರ ಹೊಟ್ಟಿ ಖಾಲಿ ಐತಿ ಅಂತ ಗೊತ್ತಾಗೂದಿಲ್ಲೇನು?"

ಹೊರಡುವಾಗ ಒಂದು ಸ್ಟೀಲ್ ಡಬ್ಬಿ ತುಂಬ ಹೋಳಿಗೆ ಕೊಟ್ಟು ಔಷಧಿಯ ಪ್ರಮಾಣವನ್ನೂ ಹೇಳಿದರು: "ದಿನಾ ಕೆಲಸಕ್ಕ ಮೊದಲ ಎರಡು."

ಮೇಡಂ ಅದನ್ನು ತಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಂಡರು.

ಪರೀಕ್ಷೆ

ಮರುದಿನ ಸೋಮವಾರ, ಮೆಲ್ಬರ್ನ್‌ನಲ್ಲಿ ನನ್ನ ಪರೀಕ್ಷೆ. ಬೆಳಿಗ್ಗೆ ಬಂದವಳೇ ಡಬ್ಬಿಯನ್ನು ಕ್ಲಿನಿಕ್‌ನ ಫ್ರಿಜ್ಜಿನಲ್ಲಿಟ್ಟೆ. ಲ್ಯಾಬಿನ ಚಾಳಿ, ಹೋಳಿಗೆ ಎಣಿಸಿಯೇ ಇಟ್ಟೆ. ಹತ್ತು. ಹತ್ತು ಗಂಟೆಗೆ ಕೈ ತೊಳೆಯಲು ಅಡುಗೆಮನೆಗೆ ಹೋದಾಗ ಡಬ್ಬಿ ಮೇಜಿನ ಮೇಲಿತ್ತು. ಒಳಗೆ ಐದು.

ಮೇಡಂ ಮಲಗಿದ್ದರು. ಹದಿನೈದು ನಿಮಿಷ ಮಾತಿಲ್ಲದೆ ಮುಟ್ಟಬೇಕು, ಆಮೇಲೆ ಕಂಡದ್ದನ್ನು ಹೇಳಬೇಕು. ಹೊಕ್ಕಳ ಕೆಳಗೆ ಮೆತ್ತಗಿತ್ತು. ಪಕ್ಕೆಗಳ ಅಡಿ ಕೈ ಸರಿಸಿದೆ. ಬಿಗಿಯಾಗಿ ತುಂಬಿಕೊಂಡಿತ್ತು. ಇನ್ನೊಮ್ಮೆ ನೋಡಿದೆ. ಹಾಗೇ ಇತ್ತು.

ಕೈ ತಪ್ಪಿದ್ದರೆ ಫೇಲು. ಕೈ ಸರಿಯಿದ್ದರೆ, ಖಾಲಿ ಹೊಟ್ಟೆಯ ನಿಯಮ ಮಾಡಿದ ಗುರುವಿಗೇ ನಿಯಮ ಮುರಿದಿದ್ದೀರಿ ಎನ್ನಬೇಕು. 'ಸ್ವಲ್ಪ ಆಯಾಸ ಇದೆ' ಎಂದು ತೇಲಿಸಿಬಿಡಬಹುದಿತ್ತು.

"ಹೇಳು," ಎಂದರು ಮೇಡಂ.

"ನೀವು ತಿಂದಿದ್ದೀರಿ, ಮೇಡಂ."

ಮೇಡಂ ಕಣ್ಣು ತೆರೆಯದೆಯೇ ಕೇಳಿದರು:

"ಎಷ್ಟು?"

"ಐದು."

ಮೇಡಂ ಒಂದು ಕಣ್ಣು ತೆರೆದರು. "ಮೂರು. ಅಜ್ಜಿ ಹೇಳಿದ್ದು ಎರಡು, ಮೂರನೆಯದು ನನ್ನ ತಪ್ಪು. ಐದು ಎಂದು ಕೈ ಹೇಳಿತೇ?"

"ಇಲ್ಲ ಮೇಡಂ. ತಿಂದಿದ್ದೀರಿ ಎಂದದ್ದು ಕೈ. ಐದು ಎಂದದ್ದು ಡಬ್ಬಿ."

ಲ್ಯಾಬಿನ ಸ್ಲೈಡುಗಳ ಪೆಟ್ಟಿಗೆ ನನ್ನ ಕಣ್ಣ ಮುಂದೆ ಬಂತು.

"ಕೈ ಪಾಸು," ಎಂದರು ಮೇಡಂ. "ಡಬ್ಬಿ ಫೇಲು. ಇವತ್ತಿನಿಂದಲೇ ರೋಗಿಗಳನ್ನು ನೋಡು."

ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವರು ಥಟ್ಟನೆ ಎದ್ದು ಕೂತರು. "ಇರು. ಡಬ್ಬಿಯಿಂದ ಹೋದದ್ದು ಐದು. ನಾನು ತಿಂದದ್ದು ಮೂರು."

ಇಬ್ಬರೂ ಬಾಗಿಲಿನ ಕಡೆ ನೋಡಿದೆವು. ಕೌಂಟರ್‌ನಲ್ಲಿ ಯಾವತ್ತೂ ಗೊಣಗುತ್ತಲೇ ಇರುವ ಯಜಮಾನರು ಅಂದು ಬಹಳ ಶಾಂತವಾಗಿದ್ದರು. ಮೇಡಂ ಅವರನ್ನು ಒಳಗೆ ಕರೆದು, ಮೇಜು ತೋರಿಸಿ, "ಮಲಗಿ. ಇವಳ ಮೊದಲ ರೋಗಿ ನೀವೇ," ಎಂದು ಗೋಡೆಗೆ ಒರಗಿ ಕೈಕಟ್ಟಿ ನಿಂತರು.

ಯಜಮಾನರು ಮಲಗಿದರು. ನಾನು ಟವೆಲ್ ಹೊದಿಸಿ, ಉಸಿರು ಸರಿಮಾಡಿಕೊಂಡು, ಶಾಸ್ತ್ರೋಕ್ತವಾಗಿ ಕೈಯಿಟ್ಟೆ. ಅವರು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು: "ಒಂದು ಅಂತ ಹೇಳಿಬಿಡಮ್ಮ."