‘ದಿ’ ಮಂಜೂರಾತಿ

ಇಂಗ್ಲಿಷಿನಲ್ಲಿ ‘ದಿ’ ಎಂಬ ಪದವು ಅರ್ಹರಿಗೆ ಮಾತ್ರ ಸಲ್ಲತಕ್ಕದ್ದು. ಇದು ನೀರು ಸರಬರಾಜು ಕಚೇರಿಯ ಕಾಯಂ ನಿಯಮ. ನಿಯಮ ಮಾಡಿದವನು ಕಚೇರಿಯ ಮುದುಕ ಜವಾನ. ಶಾಲೆಯ ಮೆಟ್ಟಿಲನ್ನು ಅವನು ಹತ್ತಿದ್ದು ಒಂದೇ ಸಲ, ಅದೂ ಗೋಡೆಗೆ ಸುಣ್ಣ ಬಳಿಯಲು.

ಮೇಲಿನಿಂದ ಆದೇಶ ಬಂದಿತ್ತು: ‘ಇನ್ನು ಮುಂದೆ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿರತಕ್ಕದ್ದು. “ದಿ” ತಪ್ಪಿದಲ್ಲಿ ಕಾಗದ ವಾಪಸು.’ ಎಲ್ಲಿ ಹಾಕುವುದು, ಎಲ್ಲಿ ಬಿಡುವುದು ಎಂದು ಗುಮಾಸ್ತರು ತಲೆ ಕೆರೆದುಕೊಂಡರು. ಆಗ ಸಾಹೇಬರಿಗೆ ಜವಾನನ ನೆನಪಾಯಿತು. ಹಡಗಿನ ಕಪ್ತಾನನೊಬ್ಬ ತನ್ನ ಹತ್ತಿರ ಇಂಗ್ಲಿಷ್ ತಿದ್ದಿಸಿಕೊಂಡು ಹೋಗುತ್ತಿದ್ದನೆಂಬ ಕಥೆಯನ್ನು ಅವನು ವರ್ಷಗಟ್ಟಲೆ ಚಹಾದ ಜೊತೆ ಹಂಚುತ್ತ ಬಂದಿದ್ದ.

“ಏನಪ್ಪಾ, ಈ ‘ದಿ’ ಗೊತ್ತಾ ನಿನಗೆ?”

ಗೊತ್ತಿಲ್ಲ ಎನ್ನುವುದು ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ.

“ಅದು ಕುರ್ಚಿಗೆ ಕೈ ಇದ್ದ ಹಾಗೆ ಸಾಹೇಬ್ರೇ. ದೊಡ್ಡೋರಿಗೆ ಇರುತ್ತೆ, ಚಿಕ್ಕೋರಿಗೆ ಇರಲ್ಲ.”

ಸಾಹೇಬರು ತಮ್ಮ ಕುರ್ಚಿಯ ಕೈ ಸವರಿ ಒಪ್ಪಿದರು. ಜವಾನ ‘ದಿ’ ಪರಿಣತನಾಗಿ ನೇಮಕಗೊಂಡ. ಚಹಾ ತರುವ ಕೆಲಸ ಹಾಗೇ ಮುಂದುವರಿಯಿತು.

ಮೊದಲು ಸಾಹೇಬರಿಗೆ ‘ದಿ’ ಮಂಜೂರಾಯಿತು. ಆಮೇಲೆ ಅವರ ಕಾರಿಗೆ, ಕಾರಿನ ಸ್ಟೆಪ್ನಿಗೆ, ಅವರ ಮಾವನ ಮನೆಯ ನಲ್ಲಿಗೆ. ‘ದಿ’ ಇಲ್ಲದ ನಲ್ಲಿ ಯಾವುದೋ ಒಂದು ನಲ್ಲಿ. ಯಾವುದೋ ಒಂದಕ್ಕೆ ನೀರು ಬಿಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಸುತ್ತೋಲೆ ಹೊರಟಿತು.

ಅಂದಿನಿಂದ ಜವಾನನ ಮನೆಯ ನಲ್ಲಿ ಬರೀ ಗಾಳಿ ಉಗುಳಿತು. ಎರಡು ಬೀದಿಯಾಚೆಯ ಬಾವಿಯಿಂದ ಕೊಡ ಹೊತ್ತು ಬಂದ ಹೆಂಡತಿ, “ಊರಿಗೆಲ್ಲಾ ಹಂಚ್ತೀರಂತೆ, ನಮ್ಮ ನಲ್ಲಿಗೂ ಒಂದು ಹಾಕ್ಸಿ. ನನ್ನ ಸೊಂಟ ಬಿದ್ದುಹೋಯ್ತು” ಎಂದಳು.

“ಅದೇನು ಮಹಾ. ನಾಳೆ ನೋಡು.”

ಅರ್ಜಿ ಹಾಕಿದ. ಅದು ಮೇಜಿನಿಂದ ಮೇಜಿಗೆ ಸುತ್ತಿ, ಪರಿಣತರ ಅಭಿಪ್ರಾಯಕ್ಕೆಂದು ಅವನ ಮುಂದೆಯೇ ಬಂದು ಕೂತಿತು. ಹಿರಿಯ ಗುಮಾಸ್ತ ಓದಿ ಹೇಳಿದ: “ಅರ್ಜಿದಾರ ಜವಾನ, ಕೂರೋದು ಕೈ ಇಲ್ಲದ ಸ್ಟೂಲು. ಏನ್ ಬರೀಲಿ ಯಜಮಾನ್ರೇ? ನಿಯಮಾನೇ ತಪ್ಪು ಅಂತ ಬರೀಲಾ?”

ತಪ್ಪು ಎಂದರೆ ನೀರು ಬರುತ್ತಿತ್ತು, ಕಪ್ತಾನನಿಗೇ ಇಂಗ್ಲಿಷ್ ತಿದ್ದಿದವನೆಂಬ ಹೆಸರು ಹೋಗುತ್ತಿತ್ತು.

“ನಾನು ಮಾಡಿದ್ದು ತಪ್ಪೋದು ಹೇಗೆ? ತಿರಸ್ಕಾರ ಅಂತ ಬರಿ,” ಎಂದು ಜವಾನ ಹೆಬ್ಬೆಟ್ಟು ಒತ್ತಿದ.

ಸಂಜೆ ಹೆಂಡತಿ ಕೇಳಿದಳು: “ಯಾರು ಆ ಪುಣ್ಯಾತ್ಮ, ಬೇಡ ಅಂದಿದ್ದು?”

“ಭಾರಿ ತಿಳಿದವರು ಕಣೇ. ಅವರ ಮಾತು ಮೀರೋಕೆ ಸಾಹೇಬ್ರಿಗೂ ಆಗಲ್ಲ.”

“ತಿಳಿದೋರು ಅಂದ್ಮೇಲೆ ಸರಿ ಬಿಡಿ,” ಎಂದು ಅವಳು ಇನ್ನೊಂದು ಕೊಡವನ್ನು ಅವನ ಹೆಗಲಿಗೇರಿಸಿದಳು.

ಬಾವಿಯ ಸಾಲಿನಲ್ಲಿ ನಿಂತು ಅವನು, ಅಂಥ ದೊಡ್ಡ ಪದವನ್ನು ಕಂಡಕಂಡವರಿಗೆ ಕೊಟ್ಟರೆ ಅದರ ಮರ್ಯಾದೆ ಏನಾದೀತು ಎಂದು ಎಲ್ಲರಿಗೂ ವಿವರಿಸಿದ. ಖಾಲಿ ಕೊಡ ಹಿಡಿದವರೆಲ್ಲ ಅದೂ ನಿಜವೇ ಎಂದು ತಲೆದೂಗಿದರು.