ಬರೆದದ್ದನ್ನೆಲ್ಲ ಮಾಡಿ ತೋರಿಸುತ್ತಿದ್ದ ಮಾವ

ನಮ್ಮ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಎನ್ನುವುದು ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಇಬ್ಬರೇ: ಒಂದು ಮಾವ, ಇನ್ನೊಂದು ನಾನು!

ಐವತ್ತರ ದಶಕದ ಮಾತು. ಗೋಪಾಲಸ್ವಾಮಿ ಬೆಟ್ಟ ಕಾಣುವ ನಮ್ಮ ಹಳ್ಳಿಯ ಶಾಲೆಗೆ ಅವನೊಬ್ಬನೇ ಮೇಷ್ಟ್ರು. ‘ನಿಮ್ಮ ದಿನಚರಿಯನ್ನು ಕ್ರಮವಾಗಿ ಬರೆಯಿರಿ’ ಎನ್ನುವುದು ಮೂರನೇ ತರಗತಿಯ ಪಾಠ. ಬೇರೆ ಮೇಷ್ಟ್ರುಗಳಾದರೆ ತಪ್ಪಿದವರ ಕಿವಿ ಹಿಂಡುತ್ತಿದ್ದರು. ನಮ್ಮ ಮಾವ? ನಾವು ಸ್ಲೇಟಿನಲ್ಲಿ ಯಾವ ಕ್ರಮದಲ್ಲಿ ಬರೆದಿದ್ದೆವೋ ಅದೇ ಕ್ರಮದಲ್ಲಿ ಮಾಡಿ ತೋರಿಸುತ್ತಿದ್ದ!

ಒಬ್ಬ ‘ಅಂಗಿ ಹಾಕಿಕೊಂಡೆ, ಸ್ನಾನ ಮಾಡಿದೆ’ ಎಂದು ಬರೆದ. ಮಾವ ಇದ್ದ ಒಂದೇ ಕೋಟಿನ ಮೇಲೆ ಕೊಡ ನೀರು ಸುರಿದುಕೊಂಡು, ಇಡೀ ದಿನ ತೊಟ್ಟಿಕ್ಕುತ್ತಲೇ ಮಗ್ಗಿ ಹೇಳಿಸಿದ. ಸಂತೆಮರಹಳ್ಳಿಗೆ ಹೋಗಿಬಂದ ಇನ್ನೊಬ್ಬ ‘ಬಸ್ಸಿನಿಂದ ಇಳಿದೆ, ಬಸ್ಸು ನಿಂತಿತು’ ಎಂದು ಬರೆದುಬಿಟ್ಟ. ಬೇಡ ಸಾರ್ ಅಂದರೆ ಕೇಳಬೇಕಲ್ಲ! ಮಾವ ಓಡುವ ಬಸ್ಸಿನಿಂದಲೇ ಇಳಿದು ಹದಿನೈದು ದಿನ ಕುಂಟಿದ. ಕಂಡಕ್ಟರಿಗೆ ವಿಷಯ ಗೊತ್ತಾದದ್ದು ಆಗಲೇ.

ಆದರೆ ಅವನನ್ನು ಎಲ್ಲರಿಗಿಂತ ಹೆಚ್ಚು ಪರದಾಡಿಸಿದವಳು ನಾನು. ‘ಶಾಲೆಗೆ ಹೋದೆ. ಮುದ್ದೆ ಉಂಡೆ. ಮುಖ ತೊಳೆದೆ. ಎದ್ದೆ’ ಎಂದು ಬರೆದಿದ್ದೆ. ಮಾವ ಕಂಬಳಿ ಹೊದ್ದು, ಕಣ್ಣು ಮುಚ್ಚಿ, ಗೊರಕೆ ಹೊಡೆಯುತ್ತಲೇ ಬೀದಿಯುದ್ದಕ್ಕೂ ನಡೆದು ಶಾಲೆಯ ಕಂಬಕ್ಕೆ ಹಣೆ ಚಚ್ಚಿಕೊಂಡ!

ಅಜ್ಜಿ, ಅಂದರೆ ಮಾವನ ತಾಯಿ, ಅದನ್ನು ಕಣ್ಣಾರೆ ಕಂಡಳು. ನಾನು ಬೆಳೆಯುತ್ತಿದ್ದದ್ದು ಅವಳ ಮನೆಯಲ್ಲೇ.

"ಎದ್ದಿದ್ ಯಾವಾಗ, ಉಂಡಿದ್ ಯಾವಾಗ ಅಂತ ಗೊತ್ತಿಲ್ದ ಹೆಣ್ಣಿಗೆ ಇಸ್ಕೂಲ್ ಯಾಕ್ಲಾ? ನಮ್ಮನೇಲಿ ಮೊದ್ಲು ದನ, ಆಮ್ಯಾಕೆ ಮಿಕ್ಕಿದ್ದು. ಇನ್ಸ್‌ಪೆಕ್ಟ್ರು ಬಂದಾಗ ನೆಟ್ಗೆ ಬರುದ್ರೆ ಸರಿ. ಇಲ್ದಿದ್ರೆ ದನ ಕಾಯಕ್ಕೆ ಓಗ್ಲಿ ಬುಡು!"

ಊರಿಗೆಲ್ಲ ಮೇಷ್ಟ್ರಾದವನು ತಾಯಿಯ ಮುಂದೆ ಹಣೆ ಉಜ್ಜಿಕೊಳ್ಳುತ್ತ ತಲೆಯಾಡಿಸಿದ. ನಾನು ಅತ್ತುಬಿಟ್ಟೆ. ನನಗೆ ಶಾಲೆ ಅಂದರೆ ಪ್ರಾಣ.

ಅವತ್ತಿನಿಂದ ಒಂದೊಂದು ಸಾಲು ಬರೆಯುವ ಮುಂಚೆಯೂ ಮಾವನನ್ನು ನೆನೆಯುತ್ತಿದ್ದೆ. ಇದನ್ನು ಮೊದಲು ಬರೆದರೆ ಮಾವ ಬೀಳುತ್ತಾನಾ? ಒದ್ದೆಯಾಗುತ್ತಾನಾ? ಅವನ ಹಣೆಯ ಬುಗುಟು ಇಳಿಯುವಷ್ಟರಲ್ಲಿ ನನಗೆ ಕ್ರಮ ಬಂದಿತ್ತು.

ಚಾಮರಾಜನಗರದಿಂದ ಶಾಲಾ ಇನ್ಸ್‌ಪೆಕ್ಟರು ಬಂದರು. ಅಜ್ಜಿ ಶಾಲೆಯ ಬಾಗಿಲಲ್ಲೇ ನಿಂತಳು. ದಿನಚರಿ ಬರೆದ ಸ್ಲೇಟನ್ನು ಇನ್ಸ್‌ಪೆಕ್ಟರಿಗೆ ಕೊಟ್ಟೆ. ಅವರು ಗಟ್ಟಿಯಾಗಿ ಓದತೊಡಗಿದ್ದೇ ತಡ, ಮಾವ ಶುರುಮಾಡಿಯೇಬಿಟ್ಟ! ನೆಲದ ಮೇಲೆ ಮಲಗಿ, ಎದ್ದ. ಇಲ್ಲದ ಸಗಣಿ ಬಾಚಿದ. ಹಲ್ಲುಜ್ಜಿದ, ಮುದ್ದೆ ನುಂಗಿದ, ಶಾಲೆಗೆ ಬಂದು ಮಣೆಯ ಮೇಲೆ ಕೂತ. ಎಲ್ಲೂ ಎಡವಲಿಲ್ಲ!

"ಸ್ನಾನ ಎಲ್ಲಮ್ಮ?" ಎಂದರು ಇನ್ಸ್‌ಪೆಕ್ಟರು.

"ಶನಿವಾರ ಸಾರ್!"

ಅವರು ಬಿದ್ದು ಬಿದ್ದು ನಕ್ಕು, ಕೊನೆಯ ಸಾಲು ಓದಿದರು: ‘ನಾಳೆಯೂ ಶಾಲೆಗೆ ಬರುತ್ತೇನೆ.’

ಮಾವ ಕೂತಲ್ಲೇ ಕೂತಿದ್ದ.

"ಯಾಕೆ ಮೇಷ್ಟ್ರೇ, ಇದನ್ನು ಮಾಡಿ ತೋರಿಸಲ್ವೇ?"

"ಇದು ನನ್ನ ಕೈಲಾಗಲ್ಲ ಸ್ವಾಮಿ. ನಮ್ಮವ್ವ ಮಾಡ್ಬೇಕು."

ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಅಜ್ಜಿ ಸೆರಗು ಎಳೆದುಕೊಂಡಳು. "ಅದ್ಯಾಕೆ ಎಲ್ರೂವೆ ಇಂಗ್ ನೋಡೀರಿ? ಗೆದ್ಬುಟ್ಲು ಬುಡ್ರಪ್ಪ!" ಎಂದವಳೇ ಮನೆಗೆ ಹೊರಟುಬಿಟ್ಟಳು. ಮಕ್ಕಳ ಕೇಕೆಗೆ ಶಾಲೆಯ ಹೆಂಚು ಹಾರಿಹೋಗಬೇಕು!

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ದನಗಳು ಒಂದೇ ಸಮನೆ ಕೂಗುತ್ತಿದ್ದವು. ಅಜ್ಜಿ ಮಾತ್ರ ನನ್ನನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ಹೊಸ್ತಿಲಲ್ಲಿ ನಿಂತ ಮಾವನ ಕಣ್ಣು ತುಂಬಿತ್ತು.

"ಅವ್ವ, ದನ?" ಅಂದ.

"ಕೂಗ್ಲಿ ಕಣ್ಲಾ. ಮೊದ್ಲು ನನ್ ಕೂಸು, ಆಮ್ಯಾಕೆ ದನ."